ಅರ್ಧ ವೋಲ್ಟಿನ ಲೆಕ್ಕ: ಓಡುವ ರೋಬೋಟಿನ ಕಂಪ್ಯೂಟರಿಗೆ ಬ್ಯಾಟರಿಯಿಂದ ಕರೆಂಟು

(ಕೋಲಾರದಲ್ಲಿ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ರೋಬೋಟ್ ಕಟ್ಟಿದವರಿಗೆಲ್ಲ ಗೊತ್ತಿರುವ ಒಂದು ಕಾಯಿಲೆ ಇದೆ. ಬಂಡಿ ಮೇಜಿನ ಮೇಲಿದ್ದಾಗ ಎಲ್ಲವೂ ಸರಿ. ನೆಲಕ್ಕಿಳಿಸಿ ಮುಂದಕ್ಕೆ ಹೊರಡಿಸಿದ ಕೂಡಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಕೆಲವು ಸಲ ರೀಸ್ಟಾರ್ಟ್ ಕೂಡ ಆಗುವುದಿಲ್ಲ, ಲೈಡಾರ್ (ಲೇಸರ್ ಕಿರಣದಿಂದ ಸುತ್ತಲಿನ ದೂರ ಅಳೆಯುವ ಸಾಧನ) ಮಾತ್ರ ಮಾಯವಾಗುತ್ತದೆ, ಇಲ್ಲವೇ ಯುಎಸ್‌ಬಿ ಕ್ಯಾಮೆರಾ ಬಿಟ್ಟುಹೋಗಿ ಮತ್ತೆ ಸೇರಿಕೊಳ್ಳುತ್ತದೆ. ಆಗ ನೀವು ಮೊದಲು ಏನು ಮಾಡುತ್ತೀರಿ? ದೊಡ್ಡ ಬ್ಯಾಟರಿ ತರುತ್ತೀರಿ. 7 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಹೋಗಿ 12 ಎಎಚ್ ಬರುತ್ತದೆ, ಬಂಡಿಯ ತೂಕ ಏರುತ್ತದೆ, ಕಾಯಿಲೆ ಇದ್ದಲ್ಲೇ ಇರುತ್ತದೆ.

ತಪ್ಪು ಬಹುತೇಕ ಬ್ಯಾಟರಿಯಲ್ಲಿರುವುದಿಲ್ಲ, ಬ್ಯಾಟರಿಯಿಂದ ಕಂಪ್ಯೂಟರಿನವರೆಗಿನ ದಾರಿಯಲ್ಲಿರುತ್ತದೆ. ಇವತ್ತು ಆ ದಾರಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡೋಣ.

ಲೆಕ್ಕಕ್ಕೆ ಒಂದು ಬಂಡಿ ಇಟ್ಟುಕೊಳ್ಳೋಣ. ಟೊಮೆಟೊ ಸಾಲುಗಳ ನಡುವೆ ಓಡಾಡಿ ಎಲೆಗಳ ಫೋಟೊ ತೆಗೆಯುವ ಬಂಡಿ. ಯುಪಿಎಸ್‌ನಲ್ಲಿ ಹಾಕುವ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ, 12 ವೋಲ್ಟ್ 7 ಎಎಚ್. ಯಾವ ಬ್ಯಾಟರಿ ಅಂಗಡಿಯಲ್ಲಾದರೂ ಸಿಗುತ್ತದೆ. ಎರಡು ಗೇರ್ ಮೋಟಾರು. ಒಂದು ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಕಂಪ್ಯೂಟರ್, ಮುಂದೆ ಬರೀ ಪೈ), ಒಂದು ಸಣ್ಣ ಲೈಡಾರ್, ಒಂದು ವೆಬ್‌ಕ್ಯಾಮ್. ಮೋಟಾರಿನ ಎರಡು ತಂತಿಗಳ ನಡುವಿನ ರೆಸಿಸ್ಟೆನ್ಸ್ 0.8 ಓಮ್ ಅಂದುಕೊಳ್ಳಿ.

ನಿಂತ ಮೋಟಾರಿಗೆ 12 ವೋಲ್ಟ್ ಕೊಟ್ಟರೆ ಎಷ್ಟು ಆಂಪ್ಸ್ ಎಳೆಯುತ್ತದೆ? ತಿರುಗುತ್ತಿರುವ ಮೋಟಾರು ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಅದಕ್ಕೇ ಕರೆಂಟು ಹತೋಟಿಯಲ್ಲಿರುತ್ತದೆ. ನಿಂತ ಮೋಟಾರಿಗೆ ಆ ಎದುರು ವೋಲ್ಟೇಜ್ ಇಲ್ಲ. 12 ಭಾಗಿಸು 0.8, ಅಂದರೆ 15 ಆಂಪ್ಸ್. ಎರಡಕ್ಕೆ 30. ಓಡುವಾಗ ಎರಡೇ ಆಂಪ್ಸ್ ತೆಗೆದುಕೊಳ್ಳುವ ಮೋಟಾರು ಹೊರಡುವ ಕ್ಷಣದಲ್ಲಿ ಹದಿನೈದು ಕೇಳುತ್ತದೆ. ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿದೆ: ಪೂರ್ತಿ ವೇಗದಲ್ಲಿ ಮುಂದೆ ಹೋಗುತ್ತಿದ್ದ ಬಂಡಿಗೆ ಒಮ್ಮೆಗೇ ರಿವರ್ಸ್ ಕೊಡುವುದು. ಆಗ ಎದುರು ವೋಲ್ಟೇಜ್ ಬ್ಯಾಟರಿಯ ಜೊತೆಗೇ ಕೂಡಿಕೊಳ್ಳುತ್ತದೆ, ಕರೆಂಟು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಪರೀಕ್ಷೆ ಮಾಡುವಾಗ ಈ ರಿವರ್ಸನ್ನು ಮರೆಯಬೇಡಿ.

ಈಗ ಆ 30 ಆಂಪ್ಸ್ ಹರಿಯುವ ದಾರಿ ನೋಡಿ. ಹೊಸ 7 ಎಎಚ್ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಸುಮಾರು 25 ಮಿಲಿಓಮ್; ಅಲ್ಲಿ 0.75 ವೋಲ್ಟ್ ಹೋಯಿತು. ಬ್ಯಾಟರಿಯಿಂದ ಮೋಟಾರ್ ಡ್ರೈವರಿಗೆ (ಕಂಪ್ಯೂಟರಿನ ಆದೇಶದಂತೆ ಮೋಟಾರಿಗೆ ಕರೆಂಟು ಬಿಡುವ ಬೋರ್ಡು) 1 ಸ್ಕ್ವೇರ್ ಎಂಎಂ ವೈರು, ಹೋಗಲು 60 ಸೆಂಟಿಮೀಟರ್, ಬರಲು 60. ಎಳೆಎಳೆಯ ತಾಮ್ರದ ವೈರು ಮೀಟರಿಗೆ ಸುಮಾರು 19 ಮಿಲಿಓಮ್. ಅಲ್ಲಿ ಇನ್ನು 0.7 ವೋಲ್ಟ್. ಸ್ವಿಚ್ಚು, ಫ್ಯೂಸ್ ಹೋಲ್ಡರ್, ಕನೆಕ್ಟರ್ ಎಲ್ಲ ಸೇರಿ 20 ಮಿಲಿಓಮ್ ಎಂದರೆ 0.6 ವೋಲ್ಟ್. ಒಟ್ಟು ಎರಡು ವೋಲ್ಟ್. 12.5 ಇದ್ದದ್ದು 10.5ಕ್ಕೆ ಇಳಿಯಿತು.

ಇಷ್ಟಕ್ಕೆ ಕಂಪ್ಯೂಟರ್ ಸಾಯಬೇಕೇ? ಸಾಯಬಾರದು. 12ರಿಂದ 5 ಮಾಡುವ ಬಕ್ ಕನ್ವರ್ಟರಿಗೆ 7 ವೋಲ್ಟ್ ಒಳಗೆ ಬಂದರೂ ಸಾಕು, 5 ವೋಲ್ಟ್ ಹೊರಗೆ ಕೊಡುತ್ತದೆ. ಅಂದರೆ ಕನ್ವರ್ಟರಿನ ಬ್ಯಾಟರಿ ಕಡೆಗೆ ನಿಮ್ಮ ಕೈಯಲ್ಲಿ ಐದು ವೋಲ್ಟಿನಷ್ಟು ಅವಕಾಶ ಇದೆ. ಕಂಪ್ಯೂಟರ್ ಕಡೆಗೆ ಎಷ್ಟಿದೆ? ರಾಸ್ಪ್‌ಬೆರಿ ಪೈಗೆ ಕೊಡಬೇಕಾದ್ದು 5.1 ವೋಲ್ಟ್. 4.63ಕ್ಕೆ ಇಳಿದರೆ ಅದು ವೋಲ್ಟೇಜ್ ಕಡಿಮೆ ಎಂದು ಎಚ್ಚರಿಸಿ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ನಡುವಿನ ಅಂತರ ಅರ್ಧ ವೋಲ್ಟು, ಅದೂ ಪೂರ್ತಿ ಇಲ್ಲ. ಇಡೀ ಉಪನ್ಯಾಸದಲ್ಲಿ ಒಂದೇ ಸಂಖ್ಯೆ ಬರೆದುಕೊಳ್ಳುವುದಾದರೆ ಇದನ್ನು ಬರೆದುಕೊಳ್ಳಿ: ಆ ಕಡೆ ಐದು ವೋಲ್ಟ್, ಈ ಕಡೆ ಅರ್ಧ ವೋಲ್ಟ್. ಕಳೆದುಕೊಳ್ಳಲೇಬೇಕಾದದ್ದನ್ನೆಲ್ಲ ಆ ಕಡೆ ಕಳೆದುಕೊಳ್ಳಿ.

ಆದರೆ ಸಾಮಾನ್ಯವಾಗಿ ಬಂಡಿಯ ಒಳಗೆ ನಡೆಯುವುದು ಇದರ ತಿರುಗಾಮುರುಗ. ಕನ್ವರ್ಟರನ್ನು ಬ್ಯಾಟರಿಯ ಪಕ್ಕದಲ್ಲಿ ಅಂಟಿಸಿ, ಅಲ್ಲಿಂದ ಮೊಬೈಲ್ ಚಾರ್ಜಿಂಗಿನ ಒಂದು ಮೀಟರ್ ಕೇಬಲ್ಲಿನಲ್ಲಿ 5 ವೋಲ್ಟನ್ನು ಮೇಲಿನ ತಟ್ಟೆಗೆ ಒಯ್ಯುತ್ತಾರೆ. ಕಡಿಮೆ ಬೆಲೆಯ ಕೇಬಲ್ಲಿನ ಒಳಗಿನ ವೈರು 28 ಗೇಜ್ ಇರುತ್ತದೆ, ಮೀಟರಿಗೆ 213 ಮಿಲಿಓಮ್. ಹೋಗಿ ಬರಲು 0.43 ಓಮ್. ಮೂರು ಆಂಪ್ಸಿಗೆ 1.3 ವೋಲ್ಟ್ ಕೇಬಲ್ಲೇ ನುಂಗುತ್ತದೆ. 24 ಗೇಜ್ ಆದರೂ ಅರ್ಧ ವೋಲ್ಟ್ ಹೋಯಿತು, ಇದ್ದ ಅವಕಾಶವೆಲ್ಲ ಅಲ್ಲಿಗೇ ಮುಗಿಯಿತು. ಅದೇ 20 ಗೇಜಿನ ವೈರು, 30 ಸೆಂಟಿಮೀಟರ್ ಉದ್ದ ಎಂದರೆ 0.06 ವೋಲ್ಟ್ ಅಷ್ಟೇ. ಹಾಗಾಗಿ ಕನ್ವರ್ಟರ್ ಇರಬೇಕಾದ್ದು ಕಂಪ್ಯೂಟರಿನ ಮಗ್ಗುಲಲ್ಲಿ. ಉದ್ದದ ದಾರಿಯನ್ನು 12 ವೋಲ್ಟೇ ನಡೆಯಲಿ.

ಕೋಲಾರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟು ತಂದಾಗ ಅದು 30 ಸಾವಿರ ವೋಲ್ಟಿನ ಆಸುಪಾಸಿನಲ್ಲಿ ಬಂತು. ಗಣಿಯ ಯಂತ್ರಗಳಿಗೆ ಬೇಕಿದ್ದದ್ದು ಅಷ್ಟು ವೋಲ್ಟೇಜ್ ಅಲ್ಲ. ಅಷ್ಟೇ ಶಕ್ತಿಯನ್ನು ಕಡಿಮೆ ಆಂಪ್ಸಿನಲ್ಲಿ ಸಾಗಿಸಿದರೆ ದಾರಿಯ ನಷ್ಟ ಕಡಿಮೆ. ಆಂಪ್ಸ್ ಅರ್ಧವಾದರೆ ವೈರಿನ ಬಿಸಿ ಕಾಲು ಭಾಗವಾಗುತ್ತದೆ. ಇಳಿಸುವ ಕೆಲಸ ಬಳಸುವ ಜಾಗದಲ್ಲಿ. 147 ಕಿಲೋಮೀಟರಿಗೆ ಸರಿಯಾದದ್ದು 60 ಸೆಂಟಿಮೀಟರಿಗೂ ಸರಿಯೇ.

ಈಗ ಬ್ಯಾಟರಿಯ ತುದಿಗೆ ಬರೋಣ. ಕಂಪ್ಯೂಟರಿನ ವೈರುಗಳು ಮೋಟಾರ್ ಡ್ರೈವರಿನ ಟರ್ಮಿನಲ್ಲಿನಿಂದ ಹೊರಡಬಾರದು, ಬ್ಯಾಟರಿಯ ಟರ್ಮಿನಲ್ಲಿನಿಂದಲೇ ಹೊರಡಬೇಕು. ಪಾಸಿಟಿವ್ ಒಂದೇ ಅಲ್ಲ, ನೆಗೆಟಿವ್ ಕೂಡ. ಪಾಸಿಟಿವ್ ಬೇರೆ ಎಳೆದು ನೆಗೆಟಿವನ್ನು ಹತ್ತಿರದ ಯಾವುದೋ ಕಪ್ಪು ವೈರಿಗೆ ಸೇರಿಸಿಬಿಡುವವರೇ ಹೆಚ್ಚು. ಆ ಕಪ್ಪು ವೈರಿನಲ್ಲಿ ಮೋಟಾರಿನ 30 ಆಂಪ್ಸ್ ಹಿಂದಿರುಗುತ್ತಿದ್ದರೆ ಆ ವೈರಿನ ಎರಡು ತುದಿಗಳ ನಡುವೆ 0.3, 0.4 ವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. ಕಂಪ್ಯೂಟರಿನ ಸೊನ್ನೆ ವೋಲ್ಟು ಮೋಟಾರಿನ ತಾಳಕ್ಕೆ ಮೇಲೆ ಕೆಳಗೆ ಕುಣಿಯುತ್ತದೆ. ಎನ್‌ಕೋಡರಿನ (ಚಕ್ರದ ಸುತ್ತು ಎಣಿಸುವ ಸಾಧನ) ಎಣಿಕೆ ತಪ್ಪುವುದು, ಸೀರಿಯಲ್ ಸಂದೇಶ ಕೆಡುವುದು ಇಲ್ಲಿಂದಲೇ.

ಸುಮ್ಮನೆ ಕೆಡುವುದಾದರೆ ಪರವಾಗಿಲ್ಲ. ಇದಕ್ಕಿಂತ ಅಪಾಯದ್ದು ಒಂದಿದೆ. ಪೈನಿಂದ ಮೋಟಾರ್ ಡ್ರೈವರಿಗೆ ಒಂದು ಯುಎಸ್‌ಬಿ ಕೇಬಲ್ ಹೋಗಿರುತ್ತದೆ, ಅದರಲ್ಲಿಯೂ ಗ್ರೌಂಡ್, ಅಂದರೆ ನೆಗೆಟಿವ್, ತಂತಿ ಇರುತ್ತದೆ. ಹೊಲದ ಏರಿಯ ಮೇಲೆ ಬಂಡಿ ಕುಲುಕಿ ಕುಲುಕಿ ಮೋಟಾರ್ ಡ್ರೈವರಿನ ನೆಗೆಟಿವ್ ಸ್ಕ್ರೂ ಸಡಿಲವಾಯಿತು ಎನ್ನಿ. ಮೋಟಾರಿನ ಕರೆಂಟಿಗೆ ಬ್ಯಾಟರಿಗೆ ಮರಳಲು ದಾರಿ ಬೇಕಲ್ಲ? ಅದು ಯುಎಸ್‌ಬಿ ಕೇಬಲ್ಲಿನ ಗ್ರೌಂಡಿನಲ್ಲಿ ನುಗ್ಗಿ, ಪೈನ ಬೋರ್ಡನ್ನು ದಾಟಿ, ಕನ್ವರ್ಟರಿನ ನೆಗೆಟಿವ್ ಮೂಲಕ ವಾಪಸ್ಸಾಗುತ್ತದೆ. ಕೂದಲಿನಂಥ ವೈರಿನಲ್ಲಿ ಹತ್ತಾರು ಆಂಪ್ಸ್. ಪೋರ್ಟ್ ಸುಡುತ್ತದೆ, ಕೆಲವೊಮ್ಮೆ ಇಡೀ ಬೋರ್ಡು. ಫ್ಯೂಸ್ ನಿಮ್ಮನ್ನು ಇಲ್ಲಿ ಕಾಪಾಡುವುದಿಲ್ಲ, ಏಕೆಂದರೆ ಫ್ಯೂಸ್ ಇರುವುದು ಪಾಸಿಟಿವ್‌ನಲ್ಲಿ. ಮೋಟಾರಿನ ಫ್ಯೂಸ್ ದೃಷ್ಟಿಯಿಂದ ಎಲ್ಲವೂ ಮಾಮೂಲಾಗಿಯೇ ನಡೆಯುತ್ತಿದೆ.

ಇದಕ್ಕೆ ಮದ್ದು ಎರಡು. ಮೋಟಾರಿನ ನೆಗೆಟಿವ್‌ಗೆ ಸರಿಯಾದ ರಿಂಗ್ ಲಗ್ ಕ್ರಿಂಪ್ ಮಾಡಿ, ಸ್ಪ್ರಿಂಗ್ ವಾಷರ್ ಹಾಕಿ ಬಿಗಿಯುವುದು ಮೊದಲನೆಯದು. ವೈರಿನ ತುದಿಗೆ ಸೋಲ್ಡರ್ ಸುರಿದು ಸ್ಕ್ರೂ ಟರ್ಮಿನಲ್ಲಿಗೆ ತೂರಿಸಬೇಡಿ. ಸೋಲ್ಡರ್ ಒತ್ತಡಕ್ಕೆ ನಿಧಾನವಾಗಿ ಹರಡಿಕೊಳ್ಳುತ್ತದೆ, ಬಿಗಿದ ಸ್ಕ್ರೂ ತಿಂಗಳಲ್ಲಿ ಸಡಿಲ. ಎರಡನೆಯದು, ಕಂಪ್ಯೂಟರಿಗೆ ಐಸೊಲೇಟೆಡ್ ಕನ್ವರ್ಟರ್ ಹಾಕುವುದು. ಇದರಲ್ಲಿ ಒಳಬರುವ ನೆಗೆಟಿವ್‌ಗೂ ಹೊರಹೋಗುವ ನೆಗೆಟಿವ್‌ಗೂ ತಂತಿಯ ಸಂಬಂಧವೇ ಇರುವುದಿಲ್ಲ, ಆದ್ದರಿಂದ ಮೋಟಾರಿನ ಕರೆಂಟು ಕಂಪ್ಯೂಟರಿನ ಮೂಲಕ ಬ್ಯಾಟರಿಗೆ ಹಿಂದಿರುಗಲಾರದು. ಮೀನ್ ವೆಲ್‌ನ ಎಸ್‌ಡಿ-25ಎ-5 ಈ ಜಾತಿಯದು: ಒಳಗೆ 9.2ರಿಂದ 18 ವೋಲ್ಟ್, ಹೊರಗೆ 5 ವೋಲ್ಟ್ 5 ಆಂಪ್ಸ್. ಬೆಲೆ ಜಾಸ್ತಿ, ಆಕಾರವೂ ದೊಡ್ಡದು. ಪೈ ಮಾತ್ರ ಇರುವ ಬಂಡಿಗೆ ಬೇಡ ಅನ್ನಬಹುದು. ಬಂಡಿಯ ಮೇಲಿನ ಕಂಪ್ಯೂಟರಿನ ಬೆಲೆ ಇಪ್ಪತ್ತು ಸಾವಿರ ದಾಟಿದರೆ ಇದು ದುಬಾರಿ ಅಲ್ಲವೇ ಅಲ್ಲ.

ಫ್ಯೂಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫ್ಯೂಸ್ ಕಾಯುವುದು ವೈರನ್ನು, ಕಂಪ್ಯೂಟರನ್ನಲ್ಲ. ಆದ್ದರಿಂದ ಅದು ಬ್ಯಾಟರಿಯ ಪಾಸಿಟಿವ್‌ಗೆ ಗೇಣುದ್ದದ ಒಳಗೇ ಇರಬೇಕು. ಕಂಪ್ಯೂಟರಿನ ದಾರಿಗೆ 5 ಆಂಪ್ಸ್, ಕಾರಿನಲ್ಲಿ ಹಾಕುವ ತಿಳಿಕಂದು ಬಣ್ಣದ ಬ್ಲೇಡ್ ಫ್ಯೂಸ್. ಮೋಟಾರಿಗೆ ಬೇರೆ, 20 ಆಂಪ್ಸ್, ಹಳದಿ, 2.5 ಸ್ಕ್ವೇರ್ ಎಂಎಂ ವೈರಿನ ಜೊತೆ. ಹೊರಡುವಾಗಿನ 30 ಆಂಪ್ಸಿಗೆ ಆ 20ರ ಫ್ಯೂಸ್ ಹೋಗುವುದಿಲ್ಲವೇ ಎಂದು ಕೇಳುತ್ತೀರಿ. ಒಂದೂವರೆ ಪಟ್ಟು ಕರೆಂಟನ್ನು ಬ್ಲೇಡ್ ಫ್ಯೂಸ್ ಅರೆ ಸೆಕೆಂಡು ಸಲೀಸಾಗಿ ತಡೆದುಕೊಳ್ಳುತ್ತದೆ.

ಎಮರ್ಜೆನ್ಸಿ ಸ್ಟಾಪ್‌ನ ಕೆಂಪು ಗುಂಡಿ ಎಲ್ಲಿರಬೇಕು? ಮೋಟಾರಿನ ದಾರಿಯಲ್ಲಿ ಮಾತ್ರ. ಗುಂಡಿ ಒತ್ತಿದಾಗ ಕಂಪ್ಯೂಟರ್ ಕೂಡ ಸತ್ತರೆ ಬಂಡಿ ಯಾಕೆ ದಾರಿ ತಪ್ಪಿತು ಎಂಬ ದಾಖಲೆಯೂ ಅದರ ಜೊತೆಗೇ ಹೋಯಿತು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಓಡುವ ಬಂಡಿಗೆ ಬ್ರೇಕ್ ಹಾಕಿದಾಗ ಮೋಟಾರು ಜನರೇಟರ್ ಆಗಿ ಕರೆಂಟನ್ನು ಹಿಂದಕ್ಕೆ ತಳ್ಳುತ್ತದೆ. ಬ್ಯಾಟರಿ ಇದ್ದರೆ ಅದನ್ನು ಕುಡಿದುಬಿಡುತ್ತದೆ. ಗುಂಡಿ ಒತ್ತಿ ಬ್ಯಾಟರಿಯನ್ನು ಬೇರ್ಪಡಿಸಿದರೆ ಕುಡಿಯುವವರಿಲ್ಲ, ಡ್ರೈವರಿನ ಬಳಿ ವೋಲ್ಟೇಜ್ ಏರುತ್ತದೆ. ಕಂಪ್ಯೂಟರಿನ ಕನ್ವರ್ಟರ್ ಗುಂಡಿಯ ಆಚೆಗೆ, ಡ್ರೈವರಿನ ಜೊತೆಗಿದ್ದರೆ ಆ ಏರಿಕೆ ಪೂರಾ ಅದರ ತಲೆಗೇ. ಗುಂಡಿಯ ಈಚೆಗೆ, ಬ್ಯಾಟರಿ ಕಡೆಗಿದ್ದರೆ ತೊಂದರೆ ಇಲ್ಲ.

ಈಗ ಕನ್ವರ್ಟರ್. ಮೊದಲು ಹಳೆಯ 7805ನ್ನು, ಅಂದರೆ ಹೆಚ್ಚಿನ ವೋಲ್ಟೇಜನ್ನು ಬಿಸಿಯಾಗಿ ಕಳೆದು 5 ವೋಲ್ಟ್ ಕೊಡುವ ಚಿಪ್ಪನ್ನು, ಪಕ್ಕಕ್ಕಿಡಿ. 12ರಿಂದ 5ಕ್ಕೆ ಇಳಿಸಿ 3 ಆಂಪ್ಸ್ ಕೊಡಲು ಅದು 21 ವ್ಯಾಟ್ ಬಿಸಿಯನ್ನು ಹೊರಹಾಕಬೇಕು; ಅದರ ಮಿತಿಯಂತೂ ಒಂದೂವರೆ ಆಂಪ್ಸ್. ಎಸ್‌ಪಿ ರೋಡಿನಲ್ಲಿ (ಬೆಂಗಳೂರು) ನೂರು ರೂಪಾಯಿಯೊಳಗೆ ಸಿಗುವ ಎಲ್‌ಎಂ2596 ಬಕ್ ಮಾಡ್ಯೂಲ್ ನಿಮ್ಮೆಲ್ಲರ ಬಳಿ ಇದೆ. ಅದರ ಮೇಲೆ 3 ಆಂಪ್ಸ್ ಎಂದು ಬರೆದಿರುತ್ತದೆ. ಆ ಮೂರು ಚಿಪ್ಪಿನ ಗರಿಷ್ಠ, ಬೋರ್ಡಿನದಲ್ಲ. 12ರಿಂದ 5ಕ್ಕೆ ಅದರ ದಕ್ಷತೆ ಸುಮಾರು 80 ಶೇಕಡ. 15 ವ್ಯಾಟ್ ಕೊಡಲು ಮೂರೂಮುಕ್ಕಾಲು ವ್ಯಾಟ್ ಬಿಸಿ, ಅದೂ ಎರಡು ಅಂಚೆ ಚೀಟಿಯಷ್ಟಗಲದ ಬೋರ್ಡಿನಲ್ಲಿ. ಧೂಳು ಹೋಗದಿರಲಿ ಎಂದು ಮುಚ್ಚಿದ ಪೆಟ್ಟಿಗೆ, ಏಪ್ರಿಲ್ ತಿಂಗಳ ಮಧ್ಯಾಹ್ನ. ಹೀಟ್‌ಸಿಂಕ್ ಇಲ್ಲದೆ ಎರಡು ಆಂಪ್ಸಿಗಿಂತ ಹೆಚ್ಚು ಅದರಿಂದ ನಿರೀಕ್ಷಿಸಬೇಡಿ.

ನಮ್ಮ ಬಂಡಿಗೆ ಎಷ್ಟು ಬೇಕು? ಪೈ 4 ಪೂರ್ತಿ ದುಡಿಯುವಾಗ 6ರಿಂದ 7 ವ್ಯಾಟ್, ಲೈಡಾರ್ ಎರಡು, ಕ್ಯಾಮೆರಾ ಎರಡೂವರೆಯವರೆಗೆ. ಹನ್ನೆರಡು ವ್ಯಾಟ್ ಸರಾಸರಿ ಅಂದುಕೊಂಡರೂ ಕ್ಷಣಿಕವಾಗಿ 15 ಮುಟ್ಟುತ್ತದೆ. ಹಾಗಾಗಿ 5 ಆಂಪ್ಸಿನ ಸಿಂಕ್ರೊನಸ್ ಕನ್ವರ್ಟರ್ (ಡಯೋಡಿನ ಬದಲು ಟ್ರಾನ್ಸಿಸ್ಟರ್ ಬಳಸುವ ಬಕ್) ತೆಗೆದುಕೊಂಡು ಅದರಿಂದ ಮೂರರಷ್ಟೇ ಕೆಲಸ ಮಾಡಿಸಿ. ಇವುಗಳ ದಕ್ಷತೆ 90 ಶೇಕಡ ಮೀರುತ್ತದೆ. ಬಂಡಿಗೆ ಗ್ರಿಪ್ಪರ್ (ಹಿಡಿಯುವ ಕೈ) ಇದ್ದರೆ ಅದರ ಸರ್ವೊ ಮೋಟಾರುಗಳನ್ನು ಇದೇ 5 ವೋಲ್ಟಿಗೆ ಸೇರಿಸುವ ಆಸೆ ಬೇಡ. ಎಂಜಿ996ಆರ್ ಸರ್ವೊ ಸಿಕ್ಕಿಕೊಂಡರೆ 6 ವೋಲ್ಟಿನಲ್ಲಿ ಎರಡೂವರೆ ಆಂಪ್ಸ್ ಎಳೆಯುತ್ತದೆ. ಮೋಟಾರನ್ನು ಅಷ್ಟು ಕಷ್ಟಪಟ್ಟು ಬೇರೆ ಮಾಡಿ, ಅದೇ ತಪ್ಪನ್ನು ಅರ್ಧ ವೋಲ್ಟಿನ ಕಡೆಗೆ ತಂದಂತಾಯಿತು. ಸರ್ವೊಗೆ ಬೇರೆಯದೇ ಕನ್ವರ್ಟರ್ ಕೊಡಿ.

ಸ್ಕ್ರೂ ತಿರುಗಿಸಿ ವೋಲ್ಟೇಜ್ ಹೊಂದಿಸುವ ಮಾಡ್ಯೂಲ್ ಆದರೆ ಕಂಪ್ಯೂಟರ್ ಸೇರಿಸುವ ಮೊದಲು ಹೊಂದಿಸಿ. ಖಾಲಿ ಇಟ್ಟು ಹೊಂದಿಸಬೇಡಿ. 5 ಓಮ್ 10 ವ್ಯಾಟಿನ ರೆಸಿಸ್ಟರನ್ನು ಲೋಡಾಗಿ ಹಾಕಿ 5.1 ಬರುವಂತೆ ಮಾಡಿ. 5.25 ದಾಟಬಾರದು. ಆಮೇಲೆ ಆ ಸ್ಕ್ರೂ ಮೇಲೆ ಒಂದು ಹನಿ ನೇಲ್ ಪಾಲಿಶ್. ಕುಲುಕಾಟಕ್ಕೆ ಸ್ಕ್ರೂ ಜರುಗುವುದು ಒಂದು ಭಯ, ಆ ಪುಟ್ಟ ಪೊಟೆನ್ಶಿಯೊಮೀಟರಿನ ಒಳಗಿನ ಸಂಪರ್ಕವೇ ಬಿಟ್ಟುಹೋಗುವುದು ಇನ್ನೊಂದು. ಅದು ಬಿಟ್ಟುಹೋದರೆ ಕೆಲವು ಬೋರ್ಡುಗಳಲ್ಲಿ 12 ವೋಲ್ಟ್ ನೇರವಾಗಿ ಹೊರಗೆ ಬರುತ್ತದೆ. ಇದೇ ಕಾರಣಕ್ಕೆ ಹೊಲಕ್ಕೆ ಹೋಗುವ ಬಂಡಿಯಲ್ಲಿ ಸ್ಕ್ರೂ ಇಲ್ಲದ, 5 ವೋಲ್ಟಿಗೇ ಮಾಡಿದ ಮಾಡ್ಯೂಲ್ ಒಳ್ಳೆಯದು.

ಅಲ್ಲಿಂದ ಪೈಗೆ ಹೇಗೆ ಕೊಡುವುದು? ಯುಎಸ್‌ಬಿ-ಸಿ ಪ್ಲಗ್ಗಿಗೆ ದಪ್ಪ ವೈರು ಬೆಸೆದು ಕೊಡಬಹುದು. 40 ಪಿನ್ನಿನ ಸಾಲಿನಲ್ಲಿ 2 ಮತ್ತು 4ನೇ ಪಿನ್ನಿಗೆ ಪಾಸಿಟಿವ್, 6 ಮತ್ತು 9ನೇ ಪಿನ್ನಿಗೆ ನೆಗೆಟಿವ್ ಕೂಡ ಕೊಡಬಹುದು. ಪಿನ್ನಿನ ದಾರಿಯಲ್ಲಿ ತಿರುಗುಮುರುಗು ಸೇರಿಸಿದರೆ ತಡೆಯುವವರು ಯಾರೂ ಇಲ್ಲ, ಬೋರ್ಡು ಅಲ್ಲಿಗೆ ಮುಗಿಯಿತು. ಬ್ರೆಡ್‌ಬೋರ್ಡಿನ ಬಣ್ಣಬಣ್ಣದ ಜಂಪರ್ ವೈರಿನಲ್ಲಂತೂ ಕೊಡಲೇಬೇಡಿ, ಅದೂ 26, 28 ಗೇಜಿನದೇ. ಕಾರಿನ ಸಿಗರೇಟ್ ಸಾಕೆಟ್ಟಿಗೆ ಹಾಕುವ ಒಳ್ಳೆಯ ಯುಎಸ್‌ಬಿ-ಸಿ ಚಾರ್ಜರ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. 12 ಮತ್ತು 24 ವೋಲ್ಟಿನ ಗಾಡಿಗಳಿಗೆಂದೇ ಮಾಡಿದ್ದು, ಅಲ್ಲಿನ ಏರಿಳಿತಗಳನ್ನು ತಡೆದುಕೊಳ್ಳುತ್ತದೆ. ಪೈ 4ಗೆ ಬೇಕಾದ 5 ವೋಲ್ಟ್ 3 ಆಂಪ್ಸ್ ಅದರಿಂದ ಬರುತ್ತದೆ.

ಪೈ 5ಗೆ ಇದು ಸಾಲದು. ಅದು ಕೇಳುವುದು 5 ವೋಲ್ಟಿಗೆ 5 ಆಂಪ್ಸ್. ಅಷ್ಟು ಕೊಡುತ್ತೇನೆ ಎಂದು ಚಾರ್ಜರ್ ಕೇಬಲ್ಲಿನ ಮೂಲಕ ಪೈ ಜೊತೆ ನಡೆಸುವ ಮಾತುಕತೆಯಲ್ಲಿ ಒಪ್ಪಿಕೊಳ್ಳದಿದ್ದರೆ ಪೈ 5 ತನ್ನ ಎಲ್ಲ ಯುಎಸ್‌ಬಿ ಪೋರ್ಟುಗಳಿಗೂ ಸೇರಿ 600 ಮಿಲಿಆಂಪ್ಸ್ ಮಾತ್ರ ಬಿಡುತ್ತದೆ. ಬಕ್ ಕನ್ವರ್ಟರಿಗೆ ಆ ಮಾತುಕತೆಯೇ ಬರುವುದಿಲ್ಲ. ಲೈಡಾರ್ ತಿರುಗದೆ ನಿಂತಿತು ಎಂದು ಲೈಡಾರನ್ನೇ ಬದಲಿಸುವವರಿದ್ದಾರೆ! ನಿಮ್ಮ ಕನ್ವರ್ಟರ್ ನಿಜವಾಗಿ 5 ಆಂಪ್ಸ್ ಕೊಡುತ್ತದೆ ಎಂದು ಖಾತ್ರಿಯಿದ್ದರೆ ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಫೈಲಿನಲ್ಲಿ ಯುಎಸ್‌ಬಿ_ಮ್ಯಾಕ್ಸ್_ಕರೆಂಟ್_ಎನೇಬಲ್=1 ಎಂದು ಬರೆದರೆ ಮಿತಿ 1.6 ಆಂಪ್ಸಿಗೆ ಏರುತ್ತದೆ.

ಬೇರೆ ಕಂಪ್ಯೂಟರುಗಳ ಲೆಕ್ಕ ಬೇರೆ. ಎನ್‌ವಿಡಿಯಾದ ಸಣ್ಣ ಎಐ ಕಂಪ್ಯೂಟರ್ ಜೆಟ್ಸನ್ ನ್ಯಾನೊದ ಹಳೆಯ ಕಿಟ್ಟಿಗೆ 5 ವೋಲ್ಟ್ 4 ಆಂಪ್ಸ್, ದುಂಡು ಜ್ಯಾಕಿನಲ್ಲಿ. ಜೆ48 ಜಂಪರ್ ಹಾಕದಿದ್ದರೆ ಅದು ಆ ಜ್ಯಾಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜೆಟ್ಸನ್ ಓರಿನ್ ನ್ಯಾನೊ ಕಿಟ್ಟು 9ರಿಂದ 20 ವೋಲ್ಟ್ ತೆಗೆದುಕೊಳ್ಳುತ್ತದೆ. ನಾಲ್ಕು ಸೆಲ್ಲಿನ ಲಿಥಿಯಂ ಪ್ಯಾಕ್ ತುಂಬಿದಾಗ 16.8, ಬರಿದಾದಾಗ 12. ಇವೆರಡೂ ಹೇಳಿ ಮಾಡಿಸಿದ ಜೋಡಿ, ಫ್ಯೂಸಿನ ಮೂಲಕ ನೇರ ಕೊಡಬಹುದು. ಮೂರು ಸೆಲ್ಲಿನದು ಬರಿದಾದಾಗ 9ರ ಅಂಚಿನಲ್ಲಿರುತ್ತದೆ, ಮೋಟಾರು ಹೊರಟರೆ ಅದರ ಕೆಳಗೆ ಜಾರುತ್ತದೆ. ಆರು ಸೆಲ್ಲಿನದು 25.2, ಕಿಟ್ಟು ಸುಡುತ್ತದೆ. 12 ವೋಲ್ಟಿನ ಮಿನಿ ಪಿಸಿಯನ್ನು 12 ವೋಲ್ಟ್ ಬ್ಯಾಟರಿಗೆ ನೇರ ಹಾಕಬಹುದಲ್ಲವೇ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಹೆಸರಷ್ಟೇ 12. ಚಾರ್ಜಿಂಗಿನಲ್ಲಿ ಅದು 14.4, ಹೊರಡುವಾಗ 10. ಮಿನಿ ಪಿಸಿಯ ಕೆಳಗಿನ ಚೀಟಿಯಲ್ಲಿ 12ರಿಂದ 19 ಎಂದಿದ್ದರೆ ಮೇಲಿನ ಭಯ ಇಲ್ಲ, ಕೆಳಗಿನದ್ದು ಇದೆ. ಬರೀ 12 ಎಂದಿದ್ದರೆ ಎರಡೂ ಇವೆ. ಇಲ್ಲಿ ಐದು ವೋಲ್ಟಿನ ಆ ದೊಡ್ಡ ಅವಕಾಶವೇ ಇಲ್ಲ ಎಂಬುದನ್ನು ಗಮನಿಸಿ. ಏರಿಸುವುದೂ ಇಳಿಸುವುದೂ ಎರಡನ್ನೂ ಮಾಡುವ ಬಕ್-ಬೂಸ್ಟ್ ಕನ್ವರ್ಟರ್ ಬೇಕು.

ವಿದ್ಯಾರ್ಥಿಗಳ ಕಿಟ್ಟುಗಳಲ್ಲಿ ಬರುವ ಎರಡು ಸೆಲ್ಲಿನ 7.4 ವೋಲ್ಟ್ ಪ್ಯಾಕಿನ ಕಥೆಯೂ ಇದೇ. ಅರ್ಧ ಖಾಲಿಯಾದಾಗ ಮೋಟಾರು ಹೊರಟರೆ ಆರು ವೋಲ್ಟಿನ ಕೆಳಗಿಳಿಯುತ್ತದೆ, ಬಕ್ ಕನ್ವರ್ಟರ್ ಕೈಚೆಲ್ಲುತ್ತದೆ. ಮೂರು ಸೆಲ್ಲಿಗೆ ಹೋಗಿ.

ಈ ಕ್ಷಣಿಕ ಕುಸಿತವನ್ನು ಕೆಪಾಸಿಟರ್ ಹಾಕಿ ದಾಟಿಸಬಹುದೇ? ದಾಟಿಸಬಹುದು, ಆದರೆ ಲೆಕ್ಕ ಹಾಕಿ. ಕನ್ವರ್ಟರ್ ಒಳಗೆ 17 ವ್ಯಾಟ್ ಎಳೆಯುತ್ತಿದೆ, 50 ಮಿಲಿಸೆಕೆಂಡ್ ದಾಟಬೇಕು: 0.85 ಜೂಲ್. ಕೆಪಾಸಿಟರ್ 11ರಿಂದ 7 ವೋಲ್ಟಿಗೆ ಇಳಿಯಲು ಬಿಟ್ಟರೆ ಒಂದು ಫ್ಯಾರಡ್ 36 ಜೂಲ್ ಕೊಡುತ್ತದೆ. ನಿಮಗೆ ಬೇಕಾದ್ದು ಸುಮಾರು 23,600 ಮೈಕ್ರೊಫ್ಯಾರಡ್. ಜನ ಹಾಕುವ 1000 ಮೈಕ್ರೊಫ್ಯಾರಡ್ಡಿನಿಂದ ಎರಡು ಮಿಲಿಸೆಕೆಂಡ್ ದಾಟಬಹುದು, ಅಷ್ಟೇ. ಮತ್ತೆ ಅದರ ಮುಂದೆ ಎಂಬಿಆರ್1045ರಂಥ ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥದು) ಇರಲೇಬೇಕು. ಇಲ್ಲದಿದ್ದರೆ ನೀವು ಕೂಡಿಟ್ಟದ್ದನ್ನು ಮೋಟಾರೇ ಮೊದಲು ಬಾಚಿಕೊಳ್ಳುತ್ತದೆ. ಡಯೋಡಿನಲ್ಲಿ ಅರ್ಧ ವೋಲ್ಟ್ ಹೋಗುತ್ತದೆ, ಹೋಗಲಿ, ಅದು ಐದು ವೋಲ್ಟಿನ ಕಡೆ. ಆದರೆ ಅಷ್ಟು ದೊಡ್ಡ ಕೆಪಾಸಿಟರ್ ಸ್ವಿಚ್ ಹಾಕಿದ ಕ್ಷಣ ಶಾರ್ಟ್ ಸರ್ಕ್ಯೂಟಿನಂತೆ ಎಳೆಯುತ್ತದೆ, ಸ್ವಿಚ್ಚಿನ ಸಂಪರ್ಕ ಬೆಸೆದುಹೋಗಬಹುದು. ಎನ್‌ಟಿಸಿ ಥರ್ಮಿಸ್ಟರ್ (ತಣ್ಣಗಿದ್ದಾಗ ಕರೆಂಟನ್ನು ತಡೆದು, ಬಿಸಿಯಾದಂತೆ ಬಿಡುವ ರೆಸಿಸ್ಟರ್) ಒಂದನ್ನು ಸಾಲಿನಲ್ಲಿ ಹಾಕಬೇಕು. ವೈರು ಸರಿಮಾಡಿದ ಮೇಲೂ ಕುಸಿತ ಉಳಿದರೆ ಮಾತ್ರ ಈ ದಾರಿ. ಅದಕ್ಕೂ ಮೊದಲು ಒಂದು ಬಿಟ್ಟಿ ಮದ್ದಿದೆ: ಪ್ರೋಗ್ರಾಮಿನಲ್ಲಿ ಮೋಟಾರಿನ ಪಿಡಬ್ಲ್ಯುಎಂ (ಮೋಟಾರಿಗೆ ಬಿಡುವ ಶಕ್ತಿಯ ಶೇಕಡ ಪ್ರಮಾಣ) ಅನ್ನು ಸೊನ್ನೆಯಿಂದ ನೂರಕ್ಕೆ ಒಮ್ಮೆಲೇ ಏರಿಸದೆ ಅರೆ ಸೆಕೆಂಡಿನಲ್ಲಿ ಏರಿಸಿ. ರಿವರ್ಸಿಗೂ ಅಷ್ಟೇ, ನಡುವೆ ಸೊನ್ನೆಯಲ್ಲಿ ಕ್ಷಣಕಾಲ ನಿಲ್ಲಿಸಿ.

24 ವೋಲ್ಟಿನ ಬಂಡಿ ಕಟ್ಟುವವರಿಗೆ ಒಂದು ಮಾತು. ಉದ್ದದ ವೈರಿನ ತುದಿಯಲ್ಲಿ ಬರೀ ಸೆರಾಮಿಕ್ ಕೆಪಾಸಿಟರ್ ಇರುವ ಸಣ್ಣ ಕನ್ವರ್ಟರನ್ನು ಬ್ಯಾಟರಿಗೆ ಚುಚ್ಚಿದಾಗ ವೈರಿನ ಇಂಡಕ್ಟೆನ್ಸ್ ಮತ್ತು ಕೆಪಾಸಿಟರ್ ಸೇರಿ ಜೀಕುತ್ತವೆ. ವೋಲ್ಟೇಜ್ ಒಂದು ಕ್ಷಣ ಎರಡು ಪಟ್ಟಿನವರೆಗೂ ಹೋಗಬಹುದು, 24 ಇದ್ದದ್ದು 48. ಎಲ್‌ಎಂ2596ರ ಕೆಲಸದ ಮಿತಿ 40, ಅಗ್ಗದ ಮಾಡ್ಯೂಲಿನ ಕೆಪಾಸಿಟರಿನ ಮಿತಿ ಎಷ್ಟೋ ಸಲ 35. ಕನ್ವರ್ಟರಿನ ಬಾಯಲ್ಲಿ 50 ವೋಲ್ಟಿನ 100ರಿಂದ 220 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್ ಹಾಕಿದರೆ ಆ ಜೀಕು ಬಹುಪಾಲು ತಣ್ಣಗಾಗುತ್ತದೆ. ಜೊತೆಗೆ ಎಸ್‌ಎಂಬಿಜೆ30ಎ ಟಿವಿಎಸ್ ಡಯೋಡ್, ಅಂದರೆ ಹಠಾತ್ ಏರುವ ವೋಲ್ಟೇಜನ್ನು ತಡೆಯುವ ಡಯೋಡ್. ಅದು ಪೂರ್ತಿ ಕರೆಂಟಿನಲ್ಲಿ ಹಿಡಿದು ನಿಲ್ಲಿಸುವುದು 48 ವೋಲ್ಟಿನ ಸುತ್ತ, ಆದ್ದರಿಂದ ಕನ್ವರ್ಟರ್ 60 ವೋಲ್ಟಿನದಿರಲಿ.

ಬ್ಯಾಟರಿ ಮುಗಿಯುವ ಹೊತ್ತಿಗೆ ಏನಾಗಬೇಕು? ಕರೆಂಟು ಫಕ್ಕನೆ ಹೋದರೆ ಎಸ್‌ಡಿ ಕಾರ್ಡಿನ ಫೈಲುಗಳು ಕೆಡುತ್ತವೆ. ಲಿಥಿಯಂ ಪ್ಯಾಕಿನ ಬಿಎಂಎಸ್ (ಪ್ಯಾಕಿನೊಳಗಿನ ರಕ್ಷಣಾ ಬೋರ್ಡು) ಹೇಳದೆ ಕೇಳದೆ ಕತ್ತರಿಸುತ್ತದೆ. ಮೋಟಾರು ಸಿಕ್ಕಿಕೊಂಡು ಕರೆಂಟು ಮಿತಿ ಮೀರಿದರೂ ಕತ್ತರಿಸುತ್ತದೆ, ಆಗ ಬ್ಯಾಟರಿ ತುಂಬಿದ್ದರೂ ಕಂಪ್ಯೂಟರ್ ಬಂದ್. ಪ್ಯಾಕ್ ಕೊಳ್ಳುವಾಗ ಎಎಚ್ ಜೊತೆ ಬಿಎಂಎಸ್‌ನ ಆಂಪ್ಸ್ ಕೂಡ ಕೇಳಿ. ವೋಲ್ಟೇಜ್ ಅಳೆಯಲು ಐಎನ್‌ಎ219 ಬೋರ್ಡು ಸಾಕು, 26 ವೋಲ್ಟಿನವರೆಗೆ ಅಳೆಯುತ್ತದೆ. ಅದರ ಮೇಲಿನ ಶಂಟ್ (ಕರೆಂಟು ಅಳೆಯಲು ಹಾಕಿರುವ ರೆಸಿಸ್ಟರ್) 0.1 ಓಮ್. ಅದನ್ನು 12 ವೋಲ್ಟಿನ ಕಡೆ ಹಾಕಿ. 5 ವೋಲ್ಟಿನ ಕಡೆ ಹಾಕಿದರೆ 3 ಆಂಪ್ಸಿಗೆ 0.3 ವೋಲ್ಟ್ ಅದೇ ತಿನ್ನುತ್ತದೆ, ನಮಗಿರುವುದೇ ಅರ್ಧ. ಮೋಟಾರಿನ ದಾರಿಗೂ ಬೇಡ, ಅದರ ಮಿತಿ 3.2 ಆಂಪ್ಸ್.

ಒಂದೇ ಅಳತೆಯನ್ನು ನಂಬಿ ಶಟ್‌ಡೌನ್ ಕೊಡಬೇಡಿ, ಹೊರಡುವಾಗಿನ ಕುಸಿತವನ್ನೇ ಬ್ಯಾಟರಿ ಮುಗಿಯಿತು ಎಂದುಕೊಳ್ಳುತ್ತದೆ. 30 ಸೆಕೆಂಡಿನ ಸರಾಸರಿ ತೆಗೆಯಿರಿ. ಲೆಡ್ ಆಸಿಡ್‌ಗೆ 11.5ರಲ್ಲಿ ಎಚ್ಚರಿಕೆ, 11ರಲ್ಲಿ ಶಟ್‌ಡೌನ್, 10.5 ಎಂದರೆ ಬ್ಯಾಟರಿಗೇ ಹಾನಿ. ಮೂರು ಸೆಲ್ಲಿನ ಲಿಥಿಯಂಗೆ 10.2ರಲ್ಲಿ ಶಟ್‌ಡೌನ್. ಶಟ್‌ಡೌನ್ ಆದಮೇಲೂ ಕನ್ವರ್ಟರ್ ಎಚ್ಚರವಾಗಿಯೇ ಇರುತ್ತದೆ. ಅದು 10 ಮಿಲಿಆಂಪ್ಸ್ ಎಳೆದರೆ ವಾರಕ್ಕೆ 1.7 ಎಎಚ್. ಪೈ 5 ಮಲಗಿದ್ದರೂ ಒಂದು ವ್ಯಾಟಿಗಿಂತ ಹೆಚ್ಚು ತಿನ್ನುತ್ತದೆ, ಬೋರ್ಡಿನ ಸೆಟ್ಟಿಂಗುಗಳಿರುವ ಈಈಪ್ರಾಮ್‌ನಲ್ಲಿ ಪವರ್_ಆಫ್_ಆನ್_ಹಾಲ್ಟ್=1 ಮಾಡದಿದ್ದರೆ. ದಸರಾ ರಜೆಗೆ ಬಂಡಿಯನ್ನು ಲ್ಯಾಬಿನಲ್ಲಿ ಬಿಟ್ಟುಹೋಗುವಾಗ ಬ್ಯಾಟರಿಯ ಕನೆಕ್ಟರನ್ನೇ ಕಳಚಿ. ಬರಿದಾಗಿ ಬಿದ್ದಿದ್ದ ಲೆಡ್ ಆಸಿಡ್ ಮತ್ತೆ ಮೊದಲಿನಂತೆ ತುಂಬುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಕಂಪ್ಯೂಟರಿಗೆ ಒಂದು ಪವರ್ ಬ್ಯಾಂಕ್ ಕಟ್ಟಿಬಿಟ್ಟರಾಯಿತಲ್ಲ? ಕಾಲೇಜಿನ ಪ್ರಾಜೆಕ್ಟಿಗೆ ಧಾರಾಳವಾಗಿ ಮಾಡಿ. ದಿನಾ ಓಡುವ ಬಂಡಿಗೆ ನನ್ನ ಒಪ್ಪಿಗೆ ಇಲ್ಲ. ಎರಡು ಬ್ಯಾಟರಿ, ಎರಡು ಚಾರ್ಜರ್. ಯಾವುದು ಮೊದಲು ಮುಗಿದರೂ ಬಂಡಿ ಸಾಲಿನ ಮಧ್ಯೆ ನಿಲ್ಲುತ್ತದೆ. ಅಲ್ಲದೆ ಚಾರ್ಜರ್ ಚುಚ್ಚಿದಾಗ, ಕೀಳುವಾಗ ಹಲವು ಪವರ್ ಬ್ಯಾಂಕುಗಳು ಕ್ಷಣಕಾಲ ಕರೆಂಟು ಬಿಡುತ್ತವೆ, ಕಂಪ್ಯೂಟರ್ ರೀಸ್ಟಾರ್ಟ್.

ಕೊನೆಯದಾಗಿ ಪರೀಕ್ಷೆ. ಕಾಯಿಲೆ ಯಾವ ಕಡೆಯದು ಎಂದು ಬೇರ್ಪಡಿಸಲು ಎರಡು ಪ್ರಯೋಗ ಮಾಡಿ. ಮೋಟಾರುಗಳನ್ನು ಕಳಚಿ, ಪೈನ ಪ್ರೊಸೆಸರನ್ನು ಪೂರ್ತಿ ದುಡಿಸಿ, ಲೈಡಾರ್ ಕ್ಯಾಮೆರಾ ಎಲ್ಲ ಚಾಲೂ ಮಾಡಿ. ವೋಲ್ಟೇಜ್ ಎಚ್ಚರಿಕೆ ಬಂದರೆ ತಪ್ಪು ಕನ್ವರ್ಟರಿನಲ್ಲಿದೆ ಅಥವಾ ಅದರಿಂದಾಚೆಗಿನ ವೈರಿನಲ್ಲಿದೆ; ಮೋಟಾರನ್ನು ಬೈಯಬೇಡಿ. ಇನ್ನೊಂದು, ಪೈಗೆ ಗೋಡೆಯ ಅಡಾಪ್ಟರಿನಿಂದ ಕರೆಂಟು ಕೊಟ್ಟು ಮೋಟಾರನ್ನು ಬ್ಯಾಟರಿಯಿಂದ ಓಡಿಸಿ. ಆಗಲೂ ಕ್ಯಾಮೆರಾ ಬಿಟ್ಟುಹೋದರೆ ಅದು ಗ್ರೌಂಡಿನದು ಅಥವಾ ಮೋಟಾರಿನ ಗದ್ದಲದ್ದು, ಎಷ್ಟು ದೊಡ್ಡ ಕನ್ವರ್ಟರ್ ತಂದರೂ ಹೋಗುವುದಿಲ್ಲ.

ಅಳೆಯುವುದು ಪೈನ ಪಿನ್ನುಗಳ ಮೇಲೆ, ಕನ್ವರ್ಟರಿನ ಬಾಯಲ್ಲಲ್ಲ. ಸಾಮಾನ್ಯ ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಓದುತ್ತದೆ. ಕುಸಿತ ಹತ್ತಿಪ್ಪತ್ತು ಮಿಲಿಸೆಕೆಂಡಿನದು, ಮೀಟರಿಗೆ ಕಾಣುವುದೇ ಇಲ್ಲ. ಆಸಿಲೋಸ್ಕೋಪ್ ಇದ್ದರೆ 4.8 ವೋಲ್ಟಿನ ಇಳಿಜಾರಿಗೆ ಸಿಂಗಲ್ ಟ್ರಿಗರ್ ಇಟ್ಟು, ಚಕ್ರವನ್ನು ಗೋಡೆಗೆ ಒತ್ತಿ ಹಿಡಿದು ಹೊರಡಿಸಿ, ಆಮೇಲೆ ಓಡುತ್ತಿರುವಾಗ ರಿವರ್ಸ್ ಕೊಡಿ. ಸ್ಕೋಪ್ ಇಲ್ಲದಿದ್ದರೆ ಪೈಯನ್ನೇ ಕೇಳಿ. ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್ ಎಂಬ ಆದೇಶಕ್ಕೆ 0ಎಕ್ಸ್0 ಬಂದರೆ ಶುದ್ಧ. 0ಎಕ್ಸ್50000 ಬಂದರೆ ಹಿಂದೆ ಯಾವಾಗಲೋ ವೋಲ್ಟೇಜ್ ಇಳಿದಿತ್ತು, 0ಎಕ್ಸ್50005 ಎಂದರೆ ಈಗಲೂ ಇಳಿದೇ ಇದೆ. ರೀಸ್ಟಾರ್ಟ್ ಆದರೆ ಈ ಗುರುತು ಅಳಿಸಿಹೋಗುತ್ತದೆ, ಹಾಗಾಗಿ ಪ್ರತಿ ಸೆಕೆಂಡಿಗೊಮ್ಮೆ ಓದಿ ಫೈಲಿಗೆ ಬರೆಯುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಇಟ್ಟುಕೊಳ್ಳಿ. ಇದೆಲ್ಲ ಪಾಸಾದ ಮೇಲೆ ಪೆಟ್ಟಿಗೆ ಮುಚ್ಚಿ ಬಿಸಿಲಿನಲ್ಲಿ ಅರ್ಧ ಗಂಟೆ ಓಡಿಸಿ, ಸ್ವಿಚ್ ಆರಿಸಿ, ತೆರೆದು ಕನ್ವರ್ಟರನ್ನು ಬೆರಳಿನಿಂದ ಮುಟ್ಟಿ. ಬೆರಳಿಡಲು ಆಗದಷ್ಟು ಬಿಸಿಯಿದ್ದರೆ ಥರ್ಮಲ್ ಪ್ಯಾಡ್ ಇಟ್ಟು ಪೆಟ್ಟಿಗೆಯ ಅಲ್ಯೂಮಿನಿಯಂ ಗೋಡೆಗೆ ಒತ್ತಿ ಕೂರಿಸಿ, ಇನ್ನೊಮ್ಮೆ ಓಡಿಸಿ ನೋಡಿ.